ತುಕ್ಕು, ಹುಣಸೆ, ಅಳಲೆ: ಹಳೆಯ ಬೈಸಿಕಲ್ಲಿನ ಜೀರ್ಣೋದ್ಧಾರ

ಮಲೆ ಮಹದೇಶ್ವರ ಬೆಟ್ಟದಿಂದ ಇಳಿಯುವ ರಸ್ತೆಯೊಂದು ಪಾಲಾರ್ ಹೊಳೆಯ ಬಳಿ ಕರ್ನಾಟಕದ ಎಲ್ಲೆಯನ್ನು ಮುಟ್ಟಿ, ಅಲ್ಲಿಂದ ಮುಂದೆ ಮೆಟ್ಟೂರಿನ ಕಡೆಗೆ ಸಾಗುತ್ತದೆ. ಈ ಸೀಮೆಯಲ್ಲಿಯೂ, ಮೇಲಣ ಹನೂರು, ಕೊಳ್ಳೇಗಾಲ, ಯಳಂದೂರುಗಳ ಹಳ್ಳಿಗಳಲ್ಲಿಯೂ ಮನೆಯ ಹಿತ್ತಿಲ ಗೋಡೆಗೋ ಕೊಟ್ಟಿಗೆಯ ಕಂಬಕ್ಕೋ ಒರಗಿಸಿಟ್ಟ ತುಕ್ಕು ಹಿಡಿದ ಬೈಸಿಕಲ್ಲು ಕಣ್ಣಿಗೆ ಬೀಳುವುದು ಅಪರೂಪವಲ್ಲ. 2006–07ರಲ್ಲಿ ರಾಜ್ಯ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತು. 2020ರ ಸುಮಾರಿಗೆ ಅದು ಸ್ಥಗಿತಗೊಂಡಿತು. ಹೀಗೆ ಅಕ್ಕ ತುಳಿದ ಸೈಕಲ್ಲನ್ನು ತಮ್ಮನಿಗೆ ಅಣಿಗೊಳಿಸಬೇಕಾದ ಪ್ರಸಂಗ ಅನೇಕ ಮನೆಗಳಿಗೆ ಬಂದಿದೆ. ಇವುಗಳ ಪಕ್ಕದಲ್ಲಿಯೇ ಕೆಲವೆಡೆ ಪುಟ್ಟ ಗಾಲಿಯ, ದಪ್ಪ ಟೈರಿನ, ಎತ್ತರದ ಹ್ಯಾಂಡಲಿನ ಇನ್ನೊಂದು ಬಗೆಯ ಸೈಕಲ್ಲು ನಿಂತಿರುತ್ತದೆ. ಅದೇ ಬಿ.ಎಂ.ಎಕ್ಸ್. ಎಂದು ಹೆಸರಾದ ಮಾದರಿ.

ಈ ಮಾದರಿಯು ಹುಟ್ಟಿದ್ದು 1970ರ ಆಸುಪಾಸಿನಲ್ಲಿ, ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಮಣ್ಣಿನ ದಿಬ್ಬಗಳ ಮೇಲೆ ಮೋಟಾರುಸೈಕಲ್ಲುಗಳ ಪಂದ್ಯವನ್ನು ಕಂಡ ಹುಡುಗರು ತಮ್ಮ ಚಿಕ್ಕ ಸೈಕಲ್ಲುಗಳ ಮೇಲೆ ಅದನ್ನು ಅನುಕರಿಸಿದರು. ಹುಡುಗಾಟಿಕೆಯಾಗಿ ತೊಡಗಿದ್ದು 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಸ್ಪರ್ಧೆಯ ಪದವಿಗೇರಿತು. ನಮ್ಮಲ್ಲಿ ಮಕ್ಕಳಿಗಾಗಿ ಮಾರಾಟವಾದ ಇಂತಹ ಸೈಕಲ್ಲುಗಳಲ್ಲಿ ಅನೇಕವು ರೂಪದಲ್ಲಿ ಮಾತ್ರ ಬಿ.ಎಂ.ಎಕ್ಸ್.; ಲೋಹದಲ್ಲಿ ಅವು ಸಾಮಾನ್ಯ ಮೆದು ಉಕ್ಕಿನವೇ. ಆದುದರಿಂದ ತುಕ್ಕಿನ ವಿಚಾರದಲ್ಲಿ ಅವುಗಳಿಗೂ ಶಾಲೆಯ ಸೈಕಲ್ಲಿಗೂ ಒಂದೇ ಶಾಸ್ತ್ರ ಅನ್ವಯಿಸುತ್ತದೆ.

ಅಲ್ಪ ವೆಚ್ಚದಲ್ಲಿ ಇಂತಹ ಸೈಕಲ್ಲನ್ನು ಮರಳಿ ಓಡಾಟಕ್ಕೆ ತರುವುದು ಹೇಗೆ, ಮತ್ತು ಯಾವಾಗ ತರಬಾರದು ಎಂಬುದೇ ಪ್ರಕೃತ ಲೇಖನದ ವಿಷಯ. ದೇವಾಲಯಗಳಿಗೆ ನಾವು ಬಳಸುವ ‘ಜೀರ್ಣೋದ್ಧಾರ’ ಎಂಬ ಮಾತು ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ಸುಣ್ಣ ಬಳಿಯುವುದು ಜೀರ್ಣೋದ್ಧಾರವಲ್ಲ. ಯಾವ ಕಂಬ ಭಾರವನ್ನು ಹೊರಬಲ್ಲದು ಎಂದು ಮೊದಲು ನೋಡುವುದೇ ಅದರ ಆರಂಭ. ಸೈಕಲ್ಲಿನ ವಿಷಯದಲ್ಲಿ ಜನರು ಸಾಮಾನ್ಯವಾಗಿ ಇದರ ತಿರುವುಮುರುವಾಗಿ ನಡೆಯುತ್ತಾರೆ. ಕೈಯಲ್ಲಿದ್ದ ಹಣವೆಲ್ಲ ಬಣ್ಣಕ್ಕೆ ಹೋಗಿ, ಬ್ರೇಕಿನ ರಬ್ಬರಿಗೆ ಏನೂ ಉಳಿಯುವುದಿಲ್ಲ.

ತುಕ್ಕು ಕೊಳೆಯಲ್ಲ ಎಂಬುದನ್ನು ಮೊಟ್ಟಮೊದಲು ಮನಗಾಣಬೇಕು. ಕೊಳೆಯು ಹೊರಗಿನಿಂದ ಬಂದು ಅಂಟಿಕೊಳ್ಳುವ ಪದಾರ್ಥ. ತುಕ್ಕಾದರೋ ಲೋಹವೇ ರೂಪಾಂತರ ಹೊಂದಿ ಉಂಟಾದದ್ದು. ನೀರಿನ ತೆಳುಪೊರೆಯೊಂದು ಉಕ್ಕಿನ ಮೇಲೆ ನಿಂತಾಗ, ಒಂದೆಡೆಯಲ್ಲಿ ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಅಯಾನುಗಳಾಗಿ ಕರಗುತ್ತವೆ. ಮತ್ತೊಂದೆಡೆಯಲ್ಲಿ ನೀರಿನಲ್ಲಿ ಕರಗಿದ ಆಮ್ಲಜನಕವು ಆ ಎಲೆಕ್ಟ್ರಾನುಗಳನ್ನು ಸ್ವೀಕರಿಸುತ್ತದೆ. ಅಂದರೆ ಸೈಕಲ್ಲಿನ ಮೈಮೇಲೆ ಅಸಂಖ್ಯಾತ ಸಣ್ಣ ವಿದ್ಯುತ್ಕೋಶಗಳು ಹಗಲಿರುಳೂ ನಡೆಯುತ್ತಿರುತ್ತವೆ. ನೀರಿಗೆ ಉಪ್ಪು ಸೇರಿದರೆ ವಿದ್ಯುತ್ತಿನ ಹರಿವು ಸುಲಭವಾಗುತ್ತದೆ; ಸವಾರನ ಬೆವರು ತೊಟ್ಟಿಕ್ಕುವ ಹ್ಯಾಂಡಲು ಬೇಗನೆ ಕೆಡುವುದಕ್ಕೆ ಇದೇ ಕಾರಣ. ಅಲ್ಯೂಮಿನಿಯಮ್ಮಿನ ಆಕ್ಸೈಡು ಲೋಹಕ್ಕೆ ಬಿಗಿಯಾಗಿ ಅಂಟಿ ಅದನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ಸಡಿಲವಾದ, ರಂಧ್ರಮಯವಾದ ಪದಾರ್ಥವಾಗಿದ್ದು ಸ್ಪಂಜಿನಂತೆ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ತಾನು ಯಾವ ಕಬ್ಬಿಣದಿಂದ ಹುಟ್ಟಿತೋ ಅದರ ಎರಡರಿಂದ ಆರು ಪಟ್ಟು ಜಾಗವನ್ನೂ ಅದು ಬೇಡುತ್ತದೆ. ಸೀಟಿನ ಕೊಳವೆಯು ಫ್ರೇಮಿನೊಳಗೆ ಜಗ್ಗದೆ ಕಚ್ಚಿಕೊಳ್ಳುವುದು ಈ ಕಾರಣದಿಂದ. ಅಲ್ಲಿ ಸುತ್ತಿಗೆಗಿಂತ ನಾಲ್ಕು ದಿನ ಸೀಮೆಎಣ್ಣೆಯನ್ನು ಉಣಿಸಿ ಕಾಯುವ ತಾಳ್ಮೆ ಹೆಚ್ಚು ಫಲಕಾರಿ.

ಹೀಗಾಗಿ ತುಕ್ಕನ್ನು ತೆಗೆದ ಮಾತ್ರಕ್ಕೆ ಲೋಹವು ಮರಳಿ ಬರುವುದಿಲ್ಲ. ಎಷ್ಟು ಉಳಿದಿದೆ ಎಂಬುದು ಗೊತ್ತಾಗುತ್ತದೆ, ಅಷ್ಟೆ. ಆ ಎಣಿಕೆಯನ್ನು ಫ್ರೇಮಿನಿಂದಲೇ ತೊಡಗಬೇಕು. ಸೀಟಿನ ಕೊಳವೆಯ ಬಾಯಿಂದ ಒಳನುಗ್ಗಿದ ಮಳೆನೀರು ಕೆಳಗೆ ಪೆಡಲಿನ ಅಚ್ಚು ಕೂಡುವ ಗುಂಬದಲ್ಲಿ ನಿಲ್ಲುತ್ತದೆ; ಆದುದರಿಂದ ಹೊರಗೆ ಬಣ್ಣವು ಚೆನ್ನಾಗಿದ್ದರೂ ಒಳಗಿನಿಂದ ಗೋಡೆ ಸವೆದಿರಬಹುದು. ಚಿಕ್ಕ ಸುತ್ತಿಗೆಯಿಂದ ತಟ್ಟುತ್ತ ಹೋದರೆ ಗಟ್ಟಿ ಕೊಳವೆ ಕಣಕಣವೆನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ. ಅನುಮಾನ ಬಂದೆಡೆ ದಬ್ಬಳದ ಮೊನೆಯನ್ನು ಒತ್ತಿ ನೋಡಬೇಕು. ಅದು ಒಳಗಿಳಿದರೆ ಆ ಫ್ರೇಮಿನ ಕಥೆ ಮುಗಿಯಿತು.

ಬಿ.ಎಂ.ಎಕ್ಸ್. ಮಾದರಿಗೆ ಇನ್ನೊಂದು ಪರೀಕ್ಷೆಯೂ ಅಗತ್ಯ. ದಿಬ್ಬದಿಂದ ಹಾರಿಸಿದ ಸೈಕಲ್ಲಿನಲ್ಲಿ ಹ್ಯಾಂಡಲಿನ ಕೊಳವೆಗೆ ಕೆಳಕೊಳವೆಯು ಕೂಡುವ ಬೆಸುಗೆಯ ಹಿಂದೆ ಸುಕ್ಕು ಅಥವಾ ಕೂದಲೆಳೆಯಂತಹ ಬಿರುಕು ಮೂಡಿರಬಹುದು. ಹಿಂದೆ ರೈಲ್ವೆ ಕಾರ್ಖಾನೆಗಳಲ್ಲಿ ಅಚ್ಚು, ಚಕ್ರಗಳ ಬಿರುಕನ್ನು ಕಂಡುಹಿಡಿಯುತ್ತಿದ್ದ ಉಪಾಯವನ್ನೇ ಇಲ್ಲಿ ಬಳಸಬಹುದು. ಆ ಭಾಗಕ್ಕೆ ಸೀಮೆಎಣ್ಣೆಯನ್ನು ಸವರಿ, ಸ್ವಲ್ಪ ಹೊತ್ತು ಬಿಟ್ಟು, ಒಣಬಟ್ಟೆಯಿಂದ ಪೂರ್ತಿ ಒರೆಸಿ, ಸೀಮೆಸುಣ್ಣದ ಪುಡಿಯನ್ನು ಉದುರಿಸಬೇಕು. ಬಿರುಕಿನೊಳಗೆ ಇಳಿದಿದ್ದ ಎಣ್ಣೆಯು ಮೇಲೆ ಬಂದು ಬಿಳಿಯ ಪುಡಿಯಲ್ಲಿ ಒದ್ದೆಯ ಗೆರೆಯನ್ನು ಎಳೆಯುತ್ತದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಪೃಷ್ಠಕರ್ಷಣವನ್ನು ಬೋಧಿಸುವ ಅಧ್ಯಾಪಕರಿಗೆ ಇದಕ್ಕಿಂತ ಅಗ್ಗವಾದ ಉದಾಹರಣೆ ಸಿಗಲಾರದು.

ಫ್ರೇಮು ಗಟ್ಟಿಯೆಂದು ತೀರ್ಮಾನವಾದ ಮೇಲೆ ತುಕ್ಕನ್ನು ತೆಗೆಯುವ ಕೆಲಸ. ಸಡಿಲವಾದದ್ದನ್ನು ತಂತಿಯ ಬ್ರಷ್ಷಿನಿಂದಲೂ ಉಪ್ಪುಕಾಗದದಿಂದಲೂ ಉಜ್ಜಬೇಕು. ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವ ಉಂಟು. ಮನೆಬಳಕೆಯ ಹಾಗೂ ಅಲಂಕಾರದ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗಗಳನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಹೊರಟದ್ದೇ 2016ರಲ್ಲಿ. ಆದಕಾರಣ ಒಣಗಿದಂತೆ ಉಜ್ಜದೆ ನೀರು ಹಚ್ಚಿ ಉಜ್ಜುವುದೂ, ಆ ಕೆಸರನ್ನು ಒರೆಸಿ ಕಟ್ಟಿಡುವುದೂ, ಮಕ್ಕಳನ್ನು ದೂರವಿಡುವುದೂ ಅವಶ್ಯಕ.

ಉಳಿದ ತುಕ್ಕಿಗೆ ನಮ್ಮ ಅಡುಗೆಮನೆಯ ಹುಣಸೆಯೇ ಸಾಕು. ಹುಣಸೆಯ ತಿರುಳಿನಲ್ಲಿ ನೂರಕ್ಕೆ 8ರಿಂದ 18ರಷ್ಟು ಟಾರ್ಟಾರಿಕ್ ಆಮ್ಲವಿರುತ್ತದೆ. ಈ ಆಮ್ಲವು ದುರ್ಬಲವಾದುದರಿಂದ ಲೋಹವನ್ನು ನಿಧಾನವಾಗಿಯೇ ತಿನ್ನುತ್ತದೆ. ಆದರೆ ಅದರ ಟಾರ್ಟರೇಟ್ ಅಯಾನು ತುಕ್ಕಿನ ಕಬ್ಬಿಣವನ್ನು ಎರಡು ಕೈಗಳಿಂದ ಹಿಡಿದಂತೆ ಹಿಡಿದು, ನೀರಿನಲ್ಲಿ ಕರಗುವ ಸಂಕೀರ್ಣವನ್ನಾಗಿ ಮಾಡುತ್ತದೆ. ನಟ್ಟು, ಬೋಲ್ಟು, ಬ್ರೇಕಿನ ತೋಳುಗಳನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಹುಣಸೆಯ ನೀರಿನೊಳಗೆ ರಾತ್ರಿಯಿಡೀ ನೆನೆಸಿ, ಬೆಳಗ್ಗೆ ಉಜ್ಜಿದರೆ ಬೂದುಬಣ್ಣದ ಲೋಹ ಕಾಣುತ್ತದೆ. ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಹುಳು ಬೀಳದಿರಲೆಂದು ಉಪ್ಪು ಬೆರೆಸಿ ಇಟ್ಟ ಹುಣಸೆಯನ್ನು ಈ ಕೆಲಸಕ್ಕೆ ಉಪಯೋಗಿಸಕೂಡದು. ಹಿತ್ತಾಳೆಯ ಚೊಂಬಿಗೆ ಹುಣಸೆ-ಉಪ್ಪು ಒಳ್ಳೆಯ ಜೋಡಿಯೇ ಹೌದು. ಉಕ್ಕಿನಲ್ಲಿ ಮಾತ್ರ ಉಪ್ಪಿನ ಕ್ಲೋರೈಡು ಗುಳಿಗಳೊಳಗೆ ಅಡಗಿ, ಬಣ್ಣದ ಕೆಳಗೇ ತುಕ್ಕನ್ನು ಮತ್ತೆ ಎಬ್ಬಿಸುತ್ತದೆ. ನೆನೆಸಿ ತೆಗೆದ ಭಾಗಗಳನ್ನು ಸೋಡಾ ನೀರಿನಲ್ಲಿ ತೊಳೆದು, ಬಿಸಿಲಿಗಿಟ್ಟು, ಬೆಚ್ಚಗಿರುವಾಗಲೇ ಎಣ್ಣೆ ಸವರಬೇಕು. ತಡಮಾಡಿದರೆ ಕೆಲವೇ ಗಂಟೆಗಳಲ್ಲಿ ಹೊಸ ತುಕ್ಕು ಕಿತ್ತಳೆ ಬಣ್ಣದಲ್ಲಿ ಮುಖ ತೋರಿಸುತ್ತದೆ.

ಬಕೆಟ್ಟಿನಲ್ಲಿ ಮುಳುಗದ ಫ್ರೇಮಿಗೆ ಅಳಲೆಕಾಯಿಯು ಬರುತ್ತದೆ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಕಾಡಿನಿಂದ ಸೋಲಿಗರು ನೆಲ್ಲಿ, ಸೀಗೆ, ಜೇನುಗಳೊಡನೆ ಸಂಗ್ರಹಿಸುತ್ತ ಬಂದ ಕಿರು ಉತ್ಪನ್ನಗಳಲ್ಲಿ ಇದೂ ಒಂದು. ಇದರ ಒಗರಿಗೆ ಕಾರಣವಾದ ಟ್ಯಾನಿನ್ನು ಚರ್ಮ ಹದಮಾಡುವುದಕ್ಕೆ ಹೆಸರಾದದ್ದು. ಅಳಲೆಯ ಕಷಾಯಕ್ಕೆ ಅನ್ನಭೇದಿಯನ್ನು ಸೇರಿಸಿ ನಮ್ಮ ಹಿರಿಯರು ಕಪ್ಪು ಶಾಯಿಯನ್ನು ಮಾಡುತ್ತಿದ್ದರು. ಅನ್ನಭೇದಿಯೆಂದರೆ ಕಬ್ಬಿಣದ ಸಲ್ಫೇಟು. ಆ ಶಾಯಿಯೇ ಇಲ್ಲಿ ಸೈಕಲ್ಲಿನ ಮೈಮೇಲೆ ಹುಟ್ಟುತ್ತದೆ. ಸಡಿಲ ತುಕ್ಕನ್ನು ಉಜ್ಜಿ ತೆಗೆದ ಮೇಲೆ, ಬೀಜ ತೆಗೆದು ಜಜ್ಜಿದ ಅಳಲೆಯನ್ನು ನೀರಿನಲ್ಲಿ ಕುದಿಸಿ ಸೋಸಿದ ಗಟ್ಟಿ ಕಷಾಯವನ್ನು ಬ್ರಷ್ಷಿನಿಂದ ಎರಡು ಮೂರು ಸಲ ಬಳಿದರೆ, ಉಳಿದ ತುಕ್ಕು ನೀಲಿಗಪ್ಪು ಬಣ್ಣದ ಕಬ್ಬಿಣದ ಟ್ಯಾನೇಟಾಗಿ ಮಾರ್ಪಟ್ಟು ಕೆಳಗಣ ಲೋಹಕ್ಕೆ ಅಂಟಿಕೊಳ್ಳುತ್ತದೆ. ಪೇಟೆಯಲ್ಲಿ ‘ತುಕ್ಕು ಪರಿವರ್ತಕ’ ಎಂದು ಮಾರುವ ದ್ರಾವಣಗಳಲ್ಲಿ ಕೆಲವಕ್ಕೆ ಟ್ಯಾನಿನ್ನೇ ಆಧಾರ. ಕಷಾಯವನ್ನು ಕಬ್ಬಿಣದ ಬಾಣಲೆಯಲ್ಲಿ ಕುದಿಸಬಾರದು. ಶಾಯಿ ಅಲ್ಲಿಯೇ ಸಿದ್ಧವಾಗಿಬಿಡುತ್ತದೆ. ಈ ಕಪ್ಪು ಪೊರೆ ಸ್ವತಃ ಪೂರ್ಣ ಕವಚವಲ್ಲ, ಅದರ ಮೇಲೆ ಪ್ರೈಮರೂ ಬಣ್ಣವೂ ಬೇಕು ಎಂಬುದನ್ನೂ ಮರೆಯಬಾರದು.

ಪರಿವರ್ತಕಗಳಲ್ಲಿ ಇನ್ನೊಂದು ವರ್ಗವು ಫಾಸ್ಫಾರಿಕ್ ಆಮ್ಲದ್ದು. ದೆಹಲಿಯ ಕಬ್ಬಿಣದ ಸ್ತಂಭವು ಹದಿನಾರು ಶತಮಾನಗಳನ್ನು ಕಳೆದೂ ಉಳಿದಿರುವುದಕ್ಕೆ ಅದರ ಲೋಹದಲ್ಲಿ ಹೆಚ್ಚಾಗಿರುವ ರಂಜಕವು ಮೇಲ್ಮೈಯಲ್ಲಿ ಕಟ್ಟಿದ ಫಾಸ್ಫೇಟಿನ ಪೊರೆಯೇ ಕಾರಣವೆಂದು ಕಾನ್ಪುರದ ಆರ್. ಬಾಲಸುಬ್ರಮಣಿಯಂ ಅವರು ವಿವರಿಸಿದ್ದಾರೆ. ನಮ್ಮ ಕೊಡಚಾದ್ರಿಯ ಮೇಲೂ ಮಲೆನಾಡಿನ ಮಳೆಗೆ ಮೈಯೊಡ್ಡಿ ನಿಂತ ಕಬ್ಬಿಣದ ಕಂಬವೊಂದಿದೆ. ಸೈಕಲ್ಲಿನ ಉಕ್ಕಿಗೆ ಆ ಭಾಗ್ಯವಿಲ್ಲ.

ಶೌಚಾಲಯ ತೊಳೆಯಲು ಮಾರುವ ಹೈಡ್ರೋಕ್ಲೋರಿಕ್ ಆಮ್ಲವನ್ನು ಬಳಸುವವರೂ ಉಂಟು. ನಿಮಿಷಗಳಲ್ಲಿ ಕೆಲಸವಾಗುತ್ತದೆ, ನಿಜ. ಆದರೆ ಅದು ತುಕ್ಕಿನೊಡನೆ ಲೋಹವನ್ನೂ, ಕಡ್ಡಿಗಳ ಮೇಲಣ ಸತುವಿನ ಲೇಪವನ್ನೂ ತಿನ್ನುತ್ತದೆ. ಹೊರಬರುವ ಜಲಜನಕವು ಗಡಸು ಉಕ್ಕಿನೊಳಗೆ ಹೊಕ್ಕು ಅದನ್ನು ಪೆಡಸಾಗಿಸುತ್ತದೆ. ಸ್ಪ್ರಿಂಗು, ಬೇರಿಂಗಿನ ಗುಂಡುಗಳಂತಹ ಭಾಗಗಳು ಹೀಗೆ ಕೆಲದಿನಗಳ ಮೇಲೆ ಇದ್ದಕ್ಕಿದ್ದಂತೆ ಮುರಿಯಬಹುದು. ಪ್ರಯೋಗಶಾಲೆಯುಳ್ಳವರು ವಿದ್ಯುದ್ವಿಭಜನೆಯನ್ನು ಆರಿಸಿಕೊಳ್ಳಬಹುದು: ವಾಷಿಂಗ್ ಸೋಡಾದ ದ್ರಾವಣ, 12 ವೋಲ್ಟಿನ ಬ್ಯಾಟರಿ ಚಾರ್ಜರು, ಋಣಾಗ್ರಕ್ಕೆ ತುಕ್ಕಿನ ಭಾಗ, ಧನಾಗ್ರಕ್ಕೆ ಬೇಡದ ಕಬ್ಬಿಣದ ತುಂಡು. ಧನಾಗ್ರಕ್ಕೆ ಸ್ಟೇನ್‌ಲೆಸ್ ಸ್ಟೀಲಿನ ಚಮಚವನ್ನು ಇಡುವ ಅಭ್ಯಾಸ ಅಪಾಯಕರ. ಅದರಿಂದ ವಿಷಕಾರಿಯಾದ ಕ್ರೋಮೇಟು ದ್ರಾವಣಕ್ಕಿಳಿಯುತ್ತದೆ. ಕೋಣೆಯಲ್ಲಿ ಗಾಳಿಯಾಡಬೇಕು, ಬೆಂಕಿ ಹತ್ತಿರವಿರಬಾರದು. ಕ್ರೋಮು ಲೇಪಿಸಿದ ರಿಮ್ಮಿಗೆ ಇದಾವುದೂ ಬೇಡ. ನೀರಿನಲ್ಲಿ ಅದ್ದಿದ ಅಲ್ಯೂಮಿನಿಯಂ ಹಾಳೆಯ ಮುದ್ದೆಯಿಂದ ಉಜ್ಜಿದರೆ, ಕ್ರೋಮಿಗಿಂತ ಮೆದುವಾದ ಆ ಲೋಹವು ಗೀರು ಬೀಳಿಸದೆ ತುಕ್ಕಿನ ಚುಕ್ಕೆಗಳನ್ನು ತೆಗೆಯುತ್ತದೆ.

ಹಣ ವೆಚ್ಚವಾಗುವುದು, ಆಗಬೇಕಾದದ್ದು, ತಿರುಗುವ ಮತ್ತು ತಡೆಯುವ ಭಾಗಗಳಿಗೆ. ಬೇರಿಂಗಿನ ಗುಂಡುಗಳು ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಉಪಕಾರಿ. ಹಳೆಯ ಕರಿ ಸೈಕಲ್ಲಿನ ಪೆಡಲಿನ ಅಚ್ಚಿಗೆ ಪಕ್ಕವೊಂದಕ್ಕೆ ಕಾಲಂಗುಲದ 11 ಗುಂಡುಗಳು ಕೂಡುತ್ತವೆ. ಒಂದೆರಡು ಕೆಟ್ಟಿದ್ದರೂ ಎಲ್ಲವನ್ನೂ ಬದಲಿಸಬೇಕು. ಸವೆದವುಗಳ ನಡುವೆ ಹೊಸದನ್ನು ಸೇರಿಸಿದರೆ ಭಾರವೆಲ್ಲ ಆ ಹೊಸದರ ಮೇಲೆಯೇ ಬೀಳುತ್ತದೆ. ಚೈನು ಸವೆದಿದೆಯೇ ಎಂದು ಅಳೆಯಲು ಅಂಗುಲದ ಪಟ್ಟಿಯೊಂದು ಸಾಕು. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ ಇಪ್ಪತ್ತನಾಲ್ಕನೆಯ ಕೊಂಡಿಯಾಚೆಯ ಪಿನ್ನಿಗೆ ಸರಿಯಾಗಿ 12 ಅಂಗುಲ. ಅದು ಅಂಗುಲದ ಎಂಟನೆಯ ಒಂದು ಭಾಗದಷ್ಟು ಹೆಚ್ಚಿದ್ದರೆ ಚೈನನ್ನು ಬಿಸಾಡಬೇಕು. ಎಡ ಪೆಡಲಿನ ಮರೆ ತಿರುವು ಎದುರು ದಿಕ್ಕಿನದೆಂಬುದನ್ನು ಮರೆತು ಬಲಪ್ರಯೋಗ ಮಾಡಿ ಕ್ರ್ಯಾಂಕನ್ನೇ ಕೆಡಿಸಿಕೊಂಡವರು ಕಡಮೆಯಲ್ಲ. ಬಿ.ಎಂ.ಎಕ್ಸ್. ಟೈರನ್ನು ಕೊಳ್ಳುವಾಗಲೂ ಮೋಸಹೋಗುವ ಸಂಭವ ಹೆಚ್ಚು. 20×1.75 ಎಂದು ದಶಮಾಂಶದಲ್ಲಿ ಬರೆದದ್ದು 406 ಮಿಲಿಮೀಟರ್ ವ್ಯಾಸದ ರಿಮ್ಮಿಗೆ. 20×1⅜ ಎಂದು ಭಿನ್ನರಾಶಿಯಲ್ಲಿ ಬರೆದದ್ದು ಸಾಮಾನ್ಯವಾಗಿ 451 ಮಿಲಿಮೀಟರಿನದಕ್ಕೆ. ಎರಡೂ ‘ಇಪ್ಪತ್ತಂಗುಲ’ವೇ, ಆದರೆ ಒಂದು ಇನ್ನೊಂದಕ್ಕೆ ಕೂಡದು.

ಬ್ರೇಕಿನ ವಿಚಾರವನ್ನು ಈ ಸೀಮೆಯವರು ವಿಶೇಷವಾಗಿ ಗಮನಿಸಬೇಕು. ಕೆಲವು ಬಿ.ಎಂ.ಎಕ್ಸ್. ಸೈಕಲ್ಲುಗಳಲ್ಲಿ ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂಗಾಲಿಯ ಹಬ್ಬಿನೊಳಗೇ ಹಿಡಿಯುವ ಬ್ರೇಕು ಇರುತ್ತದೆ. ಸಮತಟ್ಟಾದ ಬಯಲಿಗೆ ಅದು ತಕ್ಕದ್ದು. ಬೆಟ್ಟದ ಇಳಿಜಾರಿನಲ್ಲಿ ಸೈಕಲ್ಲೂ ಬಾಲಕನೂ ಸೇರಿ 50 ಕಿಲೋಗ್ರಾಂ ತೂಕವು 100 ಮೀಟರಿನಷ್ಟು ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 49,000 ಜೂಲ್. ವೇಗ ಹೆಚ್ಚದಂತೆ ತಡೆದರೆ ಇದರ ಬಹುಪಾಲು ಬ್ರೇಕಿನಲ್ಲಿ ಉಷ್ಣವಾಗಲೇಬೇಕು. ಒಂದು ಕಿಲೋಗ್ರಾಂ ಉಕ್ಕಿನ ಹಬ್ಬಿನಲ್ಲಿಯೇ ಅದೆಲ್ಲ ನಿಂತಿತೆಂದು ಎಣಿಸಿದರೆ ಅದರ ಉಷ್ಣತೆ ನೂರು ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ ಏರುತ್ತದೆ. ಗಾಳಿಗೆ ಒಂದಷ್ಟು ಹೋಗುವುದು ದಿಟ. ಆದರೆ ಇಳಿಜಾರು 100 ಮೀಟರಿಗೆ ಮುಗಿಯುವುದೂ ಇಲ್ಲ. ಗ್ರೀಸು ಕರಗಿ ಹರಿದರೆ, ಚೈನು ಕಳಚಿದರೆ, ಆ ಸೈಕಲ್ಲಿಗೆ ಬೇರೆ ತಡೆಯೇ ಇಲ್ಲ. ಇನ್ನು ಕ್ರೋಮು ಹಚ್ಚಿದ ಉಕ್ಕಿನ ರಿಮ್ಮನ್ನು ಹಿಡಿಯುವ ರಬ್ಬರು ಒದ್ದೆಯಾದಾಗ ತನ್ನ ಹಿಡಿತದ ಬಹುಭಾಗವನ್ನು ಕಳೆದುಕೊಳ್ಳುತ್ತದೆ. ಹೀಗಾಗಿ ಮುಂಗಾಲಿಗೂ ಹಿಂಗಾಲಿಗೂ ಪ್ರತ್ಯೇಕ ಬ್ರೇಕು, ಹೊಸ ರಬ್ಬರು, ಹೊಸ ತಂತಿ ಇಷ್ಟೂ ಇಲ್ಲದ ಸೈಕಲ್ಲು ಎಷ್ಟೇ ಹೊಳೆದರೂ ಘಾಟಿಯ ರಸ್ತೆಗೆ ಅನರ್ಹ. ಕೈಯಲ್ಲಿರುವುದು ಬಣ್ಣಕ್ಕೋ ಬ್ರೇಕಿಗೋ ಒಂದಕ್ಕೆ ಮಾತ್ರ ಸಾಲುವ ಹಣವಾದರೆ, ಅಳಲೆಯ ಕಪ್ಪಿನ ಮೇಲೆ ಬರಿಯ ಎಣ್ಣೆ ಸವರಿ ಒಂದು ವರ್ಷ ತಳ್ಳುವುದೇ ಮೇಲು.

ಆ ಎಣ್ಣೆ ಅಗಸೆಯದಾಗಿರಲಿ. ತೆಂಗಿನೆಣ್ಣೆ ಒಣಗುವ ಜಾತಿಯದಲ್ಲ. ಹಳತಾದಂತೆ ಕಮಟಾಗಿ ಆಮ್ಲವನ್ನು ಬಿಡುತ್ತದೆ. ಅಗಸೆಯೆಣ್ಣೆಯು ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾದ ಪೊರೆ ಕಟ್ಟುತ್ತದೆ. ಸೀಟನ್ನು ಕಳಚಿ ಕೊಳವೆಯೊಳಕ್ಕೆ ಸ್ವಲ್ಪ ಸುರಿದು, ಫ್ರೇಮನ್ನು ಎಲ್ಲ ಕಡೆಗೂ ವಾಲಿಸಿ, ಹೆಚ್ಚಾದದ್ದನ್ನು ಬಸಿದರೆ ಕಣ್ಣಿಗೆ ಕಾಣದ ಒಳಮೈಗೂ ರಕ್ಷಣೆ ದೊರೆಯುತ್ತದೆ. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಪೊರೆ ಕಟ್ಟುವಾಗ ಹುಟ್ಟುವ ಉಷ್ಣವು ಮಡಿಕೆಗಳೊಳಗೆ ಸಿಕ್ಕಿಕೊಂಡು ತಾನಾಗಿಯೇ ಬೆಂಕಿ ಹತ್ತುವುದುಂಟು. ಅದನ್ನು ಬಯಲಿನಲ್ಲಿ ಹರಡಿ ಒಣಗಿಸಬೇಕು.