ಬ್ಲಾಕ್ ಆದದ್ದೆಲ್ಲ ವೈರಸ್ಸೇ?

ಮೈಸೂರಿನ ಹೂಟಗಳ್ಳಿಯಂಥ ಕೈಗಾರಿಕಾ ಪ್ರದೇಶದ ಸಣ್ಣ ಘಟಕಗಳಲ್ಲಿ ಸಿಎನ್‌ಸಿ ಯಂತ್ರದ ಪ್ರೋಗ್ರಾಂನಿಂದ ಹಿಡಿದು ಜಿಎಸ್‌ಟಿ ಲೆಕ್ಕದವರೆಗೆ ಎಲ್ಲವೂ ಕಂಪ್ಯೂಟರಿನಲ್ಲೇ ಇರುತ್ತದೆ. ಅಲ್ಲಿ ಆಂಟಿವೈರಸ್ ಏನನ್ನಾದರೂ ‘ಬ್ಲಾಕ್’ ಮಾಡಿದರೆ ವೈರಸ್ ನುಗ್ಗಿದೆ ಎಂಬ ಗಾಬರಿ ಹುಟ್ಟುತ್ತದೆ, ಇಲ್ಲವೇ ಆಂಟಿವೈರಸ್ಸೇ ಕೆಟ್ಟಿದೆ ಎಂಬ ತೀರ್ಮಾನವಾಗುತ್ತದೆ. ಎರಡೂ ಆಗಿರಬೇಕಿಲ್ಲ. ವೈರಸ್ ಹುಡುಕುವ ಭಾಗ ಫೈಲಿನ ಗುರುತನ್ನು ಪರೀಕ್ಷಿಸುತ್ತದೆ. ಅದೇ ಆಂಟಿವೈರಸ್ಸಿನಲ್ಲಿರುವ ‘ಆಕ್ಸೆಸ್ ಪ್ರೊಟೆಕ್ಷನ್’ ಎಂಬ ತಡೆ ನಿಯಮ ನೋಡುವುದು ಯಾವ ಪ್ರೋಗ್ರಾಂ ಎಲ್ಲಿ ಏನು ಮಾಡಲು ಹೊರಟಿದೆ ಎಂಬುದನ್ನು ಮಾತ್ರ. ಟೆಂಪ್ ಫೋಲ್ಡರಿನಿಂದ ಯಾವುದೂ ಓಡಕೂಡದು ಎಂಬ ನಿಯಮವಿದ್ದರೆ, ಅಲ್ಲಿ ತನ್ನ ಫೈಲುಗಳನ್ನು ಬಿಚ್ಚಿಕೊಳ್ಳುವ ಅಸಲಿ ಇನ್‌ಸ್ಟಾಲರ್ ಕೂಡ ನಿಲ್ಲುತ್ತದೆ. ಪ್ರೋಗ್ರಾಂ, ಫೈಲು, ನಿಯಮ ಮೂರರ ಹೆಸರೂ ಆಂಟಿವೈರಸ್ಸಿನ ಲಾಗ್‌ನಲ್ಲಿರುತ್ತದೆ. ಓದಿದರೆ ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ.

ಗುರುತು ನೋಡದ ನಿಯಮದಿಂದ ಏನು ಪ್ರಯೋಜನ ಎಂದು ಕೇಳಬಹುದು. 2017ರ ಮೇ 12ರಂದು ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಹರಡತೊಡಗಿದಾಗ ಆಂಟಿವೈರಸ್ ಕಂಪನಿ ಮೆಕಾಫಿ ಸೂಚಿಸಿದ ತುರ್ತು ಕ್ರಮಗಳಲ್ಲಿ, ‘ಡಬ್ಲ್ಯುಎನ್‌ಆರ್‌ವೈ’ ಎಂಬ ಬಾಲವಿರುವ ಫೈಲುಗಳ ಸೃಷ್ಟಿಯನ್ನೇ ತಡೆಯುವ ನಿಯಮವೂ ಒಂದು. ಹೊಸ ತಳಿಯ ಗುರುತು ಸಿಗುವ ಮುನ್ನವೂ ಅದರ ಕೆಲಸವನ್ನು ತಡೆಯಬಹುದು ಎಂಬುದೇ ಇದರ ಬಲ. ಆದರೆ ನಿಯಮವಿದೆ, ಇನ್ನು ವಿಂಡೋಸ್ ಅಪ್‌ಡೇಟ್ ಯಾಕೆ ಎನ್ನುವುದು ದೊಡ್ಡ ತಪ್ಪು. ವಾನಾಕ್ರೈ ನುಸುಳಿದ, ವಿಂಡೋಸ್ ಫೈಲು ಹಂಚಿಕೆಯ ಎಸ್‌ಎಂಬಿ ದೋಷಕ್ಕೆ ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚ್ 14ರಂದು, ಪ್ಯಾಚ್ ಕೊಟ್ಟಿತ್ತು. ಫೈಲು ಬರೆಯುವುದನ್ನು ತಡೆದರೆ ಆ ದೋಷ ಮುಚ್ಚುವುದಿಲ್ಲ.

ನಿಯಮದಿಂದ ಕೆಲಸ ನಿಲ್ಲುತ್ತದೆ ಎಂಬ ದೂರು ಸುಳ್ಳಲ್ಲ. ಆರ್ಡರ್ ಕಳಿಸುವ ದಿನ ಬಿಲ್ಲಿಂಗ್ ಸಾಫ್ಟ್‌ವೇರ್ ತೆರೆಯದಿದ್ದರೆ ಯಾರಾದರೂ ರೇಗುತ್ತಾರೆ. ಆದರೆ ಅದಕ್ಕಾಗಿ ನಿಯಮವನ್ನೇ ಆಫ್ ಮಾಡಿದರೆ ಒಂದು ಸಾಫ್ಟ್‌ವೇರಿಗೆ ಬೇಕಿದ್ದ ದಾರಿ ಎಲ್ಲಕ್ಕೂ ತೆರೆದಂತಾಗುತ್ತದೆ. ಹೊಸ ನಿಯಮವನ್ನು ಮೊದಲು ತಡೆಯದೆ ವರದಿಯಷ್ಟೇ ಮಾಡುವಂತೆ ಇಟ್ಟು, ತಿಂಗಳ ಕೊನೆಯ ಲೆಕ್ಕವೂ ಮುಗಿದ ಮೇಲೆ ಲಾಗ್ ನೋಡಿ, ನಿಜಕ್ಕೂ ಬೇಕಾದ್ದಕ್ಕೆ ಮಾತ್ರ ವಿನಾಯಿತಿ ಕೊಡಬೇಕು. ನನ್ನ ದೃಷ್ಟಿಯಲ್ಲಿ ಹೆಚ್ಚು ಎಡವುವುದು ಈ ವಿನಾಯಿತಿಯಲ್ಲೇ. ಬರೀ ಪ್ರೋಗ್ರಾಂ ಹೆಸರು ಬರೆದರೆ ಸಾಲದು, ಆ ಹೆಸರನ್ನು ಯಾವ ದುರುದ್ದೇಶದ ಫೈಲಿಗೂ ಇಡಬಹುದು. ಪೂರ್ತಿ ಫೋಲ್ಡರ್ ದಾರಿಯನ್ನೂ, ಸೌಲಭ್ಯವಿದ್ದರೆ ತಯಾರಕರ ಡಿಜಿಟಲ್ ಸಹಿಯನ್ನೂ ಸೇರಿಸಬೇಕು.