ಲಾಗಿನ್ ಪುಟದ ಹಿಂದಿನ ಮೋಸ

ವಿದ್ಯಾರ್ಥಿವೇತನದ ಅರ್ಜಿಯಿಂದ ಮೊದಲ್ಗೊಂಡು ಬ್ಯಾಂಕಿನ ವ್ಯವಹಾರದವರೆಗೆ ಇಂದು ನಾವೆಲ್ಲರೂ ಲಾಗಿನ್ ಪುಟವನ್ನು ದಾಟಿಯೇ ಒಳಹೋಗಬೇಕಾಗಿದೆ. ಪಾಸ್‌ವರ್ಡನ್ನು ಒಪ್ಪಿಸಿದ ಬಳಿಕ ನಮ್ಮನ್ನು ಯಾವ ಪುಟಕ್ಕೆ ಕಳುಹಿಸಬೇಕೆಂಬುದನ್ನು ಅನೇಕ ಜಾಲತಾಣಗಳು ವಿಳಾಸದ ಬಾಲದಲ್ಲಿಯೇ ಬರೆದಿರುತ್ತವೆ. ವಂಚಕನು ಅಲ್ಲಿ ತನ್ನ ತಾಣದ ಹೆಸರನ್ನು ಸೇರಿಸಿ ಆ ಕೊಂಡಿಯನ್ನು ನಮಗೆ ಕಳುಹಿಸುತ್ತಾನೆ. ವಿಳಾಸದ ಮೊದಲ ಭಾಗವು ನಿಜವಾದುದರಿಂದ ನಾವು ನಂಬುತ್ತೇವೆ. ಲಾಗಿನ್ ಆದೊಡನೆ ಅವನ ನಕಲಿ ಪುಟವು ಎದುರಾಗಿ, “ಪಾಸ್‌ವರ್ಡು ತಪ್ಪಾಗಿದೆ, ಪುನಃ ಬರೆಯಿರಿ” ಎನ್ನುತ್ತದೆ. ಬರೆದೆವೋ, ಅದು ಅವನ ಕೈಸೇರಿತು! ಇದಕ್ಕೆ ‘ಓಪನ್ ರೀಡೈರೆಕ್ಟ್’ ಎಂದು ಹೆಸರು. ಓವಾಸ್ಪ್ ಸಂಸ್ಥೆಯು 2013ರಲ್ಲಿ ಪ್ರಕಟಿಸಿದ ಹತ್ತು ಅಪಾಯಗಳ ಪಟ್ಟಿಯಲ್ಲಿ ಇಂತಹ ದೋಷಕ್ಕೆ ಹತ್ತನೆಯ ಸ್ಥಾನವಿತ್ತು.

ಇದರ ನಿವಾರಣೆಯು ಮುಖ್ಯವಾಗಿ ತಾಣವನ್ನು ರಚಿಸುವವರ ಹೊಣೆ. ಮುಂಚಿತವಾಗಿ ಒಪ್ಪಿದ ಪುಟಗಳ ಪಟ್ಟಿಯಲ್ಲಿದ್ದರೆ ಮಾತ್ರ ಅಲ್ಲಿಗೆ ಕಳುಹಿಸಬೇಕು, ಇಲ್ಲವಾದರೆ ಮುಖಪುಟಕ್ಕೆ. ಓರೆಗೆರೆಯಿಂದ ಆರಂಭವಾದುದೆಲ್ಲವೂ ತಮ್ಮ ತಾಣದ್ದೇ ಎಂದು ಅವರು ತಿಳಿಯಲಾಗದು. ಆರಂಭದಲ್ಲಿ ಎರಡು ಓರೆಗೆರೆಗಳಿದ್ದರೆ ಬ್ರೌಸರು ಬೇರೆ ತಾಣಕ್ಕೇ ಹೋಗುತ್ತದೆ.

ಪೋಷಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನಮ್ಮ ಬಿನ್ನಹವಿಷ್ಟೆ: ಪಾಸ್‌ವರ್ಡನ್ನು ಎರಡನೆಯ ಸಲ ಕೇಳಿದಾಗ ಮೇಲಿನ ವಿಳಾಸವನ್ನು ಮೊದಲು ಓದಿರಿ. ಸಂಶಯ ತೋರಿದರೆ ಪುಟವನ್ನು ಮುಚ್ಚಿ, ತಾಣದ ಹೆಸರನ್ನು ನೀವೇ ಬರೆದು ಒಳಹೋಗಿರಿ. ಅಕ್ಷರ ಕಲಿತದ್ದು ಓದಿ ನೋಡುವುದಕ್ಕಾಗಿಯೇ ಅಲ್ಲವೆ?