ಹಿಂಡಿಯ ಘಮ, ಕೆರೆಯ ಮೀನು: ನಂಬಿಕೆಗಳೆಷ್ಟು, ನಿಜವೆಷ್ಟು?

ಚಿಂತಾಮಣಿ, ಶಿಡ್ಲಘಟ್ಟದ ಕಡೆ ಕೆರೆ ಏರಿಯ ಮೇಲೆ ಗಾಳ ಹಾಕಿ ಕೂತ ಹಿರಿಯರನ್ನು ಮಾತಿಗೆಳೆದರೆ ಒಂದು ಮಾತು ಬಂದೇ ಬರುತ್ತದೆ: "ಆಗೆಲ್ಲ ಗಾಣದ ಹಿಂಡಿ ಕಣಪ್ಪಾ. ಎರಡು ಉಂಡೆ ಎಸೆದರೆ ಸಾಕು, ಮೀನು ಮುತ್ತಿಕೊಳ್ಳೋವು. ಈ ಪ್ಯಾಕೆಟ್ ಹಿಟ್ಟಿಗೆ ಏನು ಬರುತ್ತೆ?" ಈ ನೆನಪು ಸುಳ್ಳಲ್ಲ. ಕಡಲೆಕಾಯಿ ಹಿಂಡಿ, ಅಕ್ಕಿ ತೌಡು, ರಾಗಿ ಹಿಟ್ಟು, ಚೂರು ಬೆಲ್ಲ ಸೇರಿಸಿ ಕಟ್ಟಿದ ಮೇವು ಇವತ್ತಿಗೂ ಒಳ್ಳೆಯ ಮೇವೇ. ಆದರೆ ಅದು ಯಾಕೆ ಫಲ ಕೊಡುತ್ತಿತ್ತು ಎನ್ನುವಲ್ಲಿ ಬಹಳ ತಪ್ಪು ತಿಳಿವಳಿಕೆ ಬೆರೆತಿದೆ. ಅದರಲ್ಲಿ ಕೆಲವು ನಿರಪಾಯ, ಕೆಲವು ಕೆರೆಯನ್ನೇ ಕೆಡಿಸುವಂಥವು.

"ಘಾಟು ಹೆಚ್ಚಿದಷ್ಟೂ ಮೀನು ಹೆಚ್ಚು"

ಇಂಗು, ಹುರಿದ ಮೆಂತ್ಯ, ಏಲಕ್ಕಿ, ಈಚೆಗೆ ವೆನಿಲ್ಲಾ ಎಸೆನ್ಸು. ಒಬ್ಬೊಬ್ಬರದು ಒಂದೊಂದು ಗುಟ್ಟು. ನಮ್ಮ ಮೂಗಿಗೆ ಘಮ್ಮೆನ್ನುವುದು ಗಾಳಿಯಲ್ಲಿ ಹಾರುವ ಅಂಶ. ಮೀನಿಗೆ ಮುಟ್ಟಬೇಕಾದದ್ದು ನೀರಿನಲ್ಲಿ ಕರಗುವ ಅಂಶ. ಗೆಂಡೆ ಜಾತಿಯ ಮೀನುಗಳನ್ನು ಬಲವಾಗಿ ಸೆಳೆಯುವವುಗಳಲ್ಲಿ ಅಮೈನೋ ಆಮ್ಲಗಳು ಮುಖ್ಯ. ಹಿಂಡಿ ರಾತ್ರಿಯಿಡೀ ನೆನೆದು ತುಸು ಹುಳಿ ಬಂದಾಗ ಅದರ ಪ್ರೋಟೀನು ಒಡೆದು ಇವು ನೀರಿಗೆ ಬಿಡುತ್ತವೆ. ಹಿಂದಿನ ರಾತ್ರಿಯೇ ಹಿಂಡಿ ನೆನೆಹಾಕುತ್ತಿದ್ದ ಹಿರಿಯರ ಪದ್ಧತಿಗೆ ಫಲ ಸಿಕ್ಕಿದ್ದು ಇದರಿಂದ. ಇಂಗಿಗೆ ಸಿಕ್ಕ ಹೆಸರು ನೆನೆಹಾಕುವುದಕ್ಕೆ ಸಿಗಬೇಕಿತ್ತು.

ಅದಕ್ಕಿಂತ ದೊಡ್ಡದು ಉಂಡೆಯ ಹದ. ನೆನೆದ ಹಿಂಡಿಯ ನೀರು ಬಸಿದು ತೌಡು ಕಲಸಿ ಮುಷ್ಟಿಯಲ್ಲಿ ಒತ್ತಿದರೆ ಬೆರಳಿನ ಗುರುತು ಮೂಡಬೇಕು. ಒಂದು ಉಂಡೆಯನ್ನು ಬಕೆಟ್ ನೀರಿಗೆ ಬಿಟ್ಟು ನೋಡಿ: ತಳ ಮುಟ್ಟುವವರೆಗೂ ಇಡಿಯಾಗಿರಬೇಕು, ಆಮೇಲೆ ಅಂಚಿನಿಂದ ಸಡಿಲವಾಗಿ ಪುಡಿಪುಡಿಯಾಗಿ ಬಿಚ್ಚಿಕೊಳ್ಳಬೇಕು. ಇಳಿಯುವಾಗಲೇ ಒಡೆದರೆ ಅದು ಪುಡಿಮೀನುಗಳ ಪಾಲು. ಮುದ್ದೆಯಂತೆ ಗಟ್ಟಿಯಾಗಿ ಕೂತುಬಿಟ್ಟರೆ ಯಾರ ಪಾಲೂ ಅಲ್ಲ. ಈ ಹದದ ಜೊತೆಗೆ, ದಿನಾ ಅದೇ ಹೊತ್ತಿಗೆ ಅದೇ ತೂಬಿನ ಬಳಿ ನಾಲ್ಕು ಉಂಡೆ ಹಾಕಿ ಮೀನಿಗೆ ಜಾಗದ ರೂಢಿ ಮಾಡಿಸುವ ಪುರಸೊತ್ತು ಆ ಕಾಲದವರಿಗಿತ್ತು. ನನ್ನ ಮಟ್ಟಿಗೆ, ಹಳೆಯ ಮೇವಿನ ಅರ್ಧ ಮಹಿಮೆ ಆ ರೂಢಿಯದು.

"ಮೇವು ಹಾಕಿ ಗಾಳ ಬಿಡುವುದು ಬಿಳಿಯರಿಂದ ಬಂದ ಶೋಕಿ"

ಬ್ರಿಟಿಷ್ ಅಧಿಕಾರಿಗಳಿಗೆ ಈ ಹುಚ್ಚು ಚೆನ್ನಾಗಿಯೇ ಇತ್ತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಬರೆದ. 1887ರಲ್ಲಿ ಕೆರೆಯ ಗಾಳಗಾರಿಕೆಗೆಂದೇ ಇನ್ನೊಂದು ಪುಸ್ತಕ ತಂದ. ಆದರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ' 12ನೇ ಶತಮಾನದ್ದು. ಅದರ 'ಮತ್ಸ್ಯವಿನೋದ' ಭಾಗದಲ್ಲಿ ಮೀನಿನ ಜಾತಿಗಳು, ಅವಕ್ಕೆ ಹಾಕುವ ಮೇವು, ಗಾಳದ ಸಲಕರಣೆ ಎಲ್ಲದರ ವಿವರ ಇದೆ. ಇಂಗ್ಲೆಂಡಿನ ಐಸಾಕ್ ವಾಲ್ಟನ್ ಬಾರ್ಲಿಯ ಮೇವಿನ ಬಗ್ಗೆ ಬರೆದ ಪುಸ್ತಕ ಅಚ್ಚಾದದ್ದು 1653ರಲ್ಲಿ. ಯಾರಿಗೆ ಯಾರು ಕಲಿಸಿದರು ಎಂಬ ಜಗಳವೇ ಬೇಡ. ಕಾವೇರಿಯಲ್ಲಿ ಮಶೀರ್ ಹಿಡಿಯಲು ಬಂದ ಹೊರದೇಶದವರು ಕೊನೆಗೆ ಗಾಳಕ್ಕೆ ಸಿಕ್ಕಿಸಿದ್ದು ನಮ್ಮ ಬೇಯಿಸಿದ ರಾಗಿ ಉಂಡೆಯನ್ನೇ.

"ಈಗಿನ ಮೀನಿಗೆ ಹಿಂಡಿಯ ರುಚಿಯೇ ಗೊತ್ತಿಲ್ಲ"

ಬದಲಾಗಿರುವುದು ರುಚಿಯಲ್ಲ, ಮೀನು. ಕಾಟ್ಲಾ, ರೋಹು, ಮೃಗಾಲ್ ಗಂಗೆಯ ಬಯಲಿನ ನದಿಗಳ ಮೀನುಗಳು. ನಮ್ಮ ಕೆರೆಗಳಿಗೆ ಬಂದದ್ದು ಮರಿ ಬಿತ್ತನೆಯಿಂದ. ಸಾಮಾನ್ಯ ಗೆಂಡೆಯ ಮೊದಲ ತಳಿ 1939ರಲ್ಲಿ ಊಟಿಗೆ ಬಂತು. ಜಿಲೇಬಿ ಮೀನು 1952ರಲ್ಲಿ ಭಾರತಕ್ಕೆ ಕಾಲಿಟ್ಟಿತು. ಕಾಟ್ಲಾದ ಬಾಯಿ ಮೇಲ್ಮುಖ. ಅದು ಮೇಲ್ಮಟ್ಟದ ನೀರಿನಲ್ಲಿ ಸೂಕ್ಷ್ಮಜೀವಿಗಳನ್ನು ತಿಂದು ಬದುಕುತ್ತದೆ. ತಳಕ್ಕೆ ಇಳಿದ ಉಂಡೆ ಅದಕ್ಕೆ ಲೆಕ್ಕಕ್ಕಿಲ್ಲ. ರೋಹು ನಡುನೀರಿನದು. ಮೃಗಾಲ್, ಸಾಮಾನ್ಯ ಗೆಂಡೆ ಕೆಸರು ಕೆದಕುವವು, ಹಿಂಡಿ ಉಂಡೆಗೆ ಸರಿಯಾದ ಗಿರಾಕಿಗಳು. ಕೊರವನಂಥ ಬೇಟೆಗಾರ ಮೀನಿಗೆ ಕಪ್ಪೆ, ಮರಿಮೀನು ಬೇಕು. ಹಿಂಡಿ ಎಷ್ಟು ಹಾಕಿದರೂ ಅತ್ತ ತಿರುಗದು. ಯಾವ ಮೀನು ಎಷ್ಟು ಆಳದಲ್ಲಿದೆ ಎಂದು ನೋಡದೆ ಹಿಂಡಿಯನ್ನು ಬೈಯುವುದು ಸರಿಯಲ್ಲ.

"ಗಿಡಮರದ್ದು, ಅಪಾಯವೇನಿದೆ?"

ಇದು ಎಲ್ಲಕ್ಕಿಂತ ಕೆಟ್ಟ ತಪ್ಪು ಕಲ್ಪನೆ. ಹಿಂಡಿ ಎಂದರೆ ಎಲ್ಲವೂ ಒಂದೇ ಅಲ್ಲ. ಹಿಪ್ಪೆ ಹಿಂಡಿಯಲ್ಲಿ ಸಪೋನಿನ್ ಎಂಬ ವಿಷವಿದೆ. ಅದು ಕಿವಿರಿನ ಮೂಲಕ ಹೊಕ್ಕು ಮೀನಿನ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಮರಿ ಬಿಡುವ ಮೊದಲು ಕೊಳದ ಬೇಡದ ಮೀನುಗಳನ್ನು ತೆಗೆಯಲು ಮೀನು ಸಾಕುವವರು ಇದನ್ನೇ ಬಳಸುತ್ತಾರೆ: ಒಂದು ಘನ ಮೀಟರ್ ನೀರಿಗೆ 200ರಿಂದ 250 ಗ್ರಾಂ. ತುಂಬಿದ ಕೆರೆಗೆ ಎರಡು ಉಂಡೆ ಏನೂ ಮಾಡದಿರಬಹುದು. ಬೇಸಿಗೆಯಲ್ಲಿ ಬತ್ತಿ ಉಳಿದ, 10 ಮೀಟರ್ ಉದ್ದಗಲ, ಅರ್ಧ ಮೀಟರ್ ಆಳದ ಗುಂಡಿಯ ಲೆಕ್ಕ ಹಾಕಿ: 10 ಕಿಲೋ ಹಿಪ್ಪೆ ಹಿಂಡಿ ಅಲ್ಲಿರುವ ಮರಿಯನ್ನೂ ಉಳಿಸುವುದಿಲ್ಲ.

ಬೂಸಲು ಹಿಡಿದ ಕಡಲೆಕಾಯಿ ಹಿಂಡಿಯನ್ನು "ದನಕ್ಕೆ ಬೇಡ, ಮೀನಿಗೆ ಆಗುತ್ತೆ" ಎಂದು ಎತ್ತಿಡುವವರಿದ್ದಾರೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತದ್ದು ಬ್ರೆಜಿಲ್‌ನಿಂದ ಬಂದ ಇಂಥದೇ ಹಿಂಡಿಯಿಂದ. ಅಫ್ಲಟಾಕ್ಸಿನ್ ವಿಷದ ಪತ್ತೆಯಾದದ್ದು ಆ ಜಾಡು ಹಿಡಿದೇ. ಮಾಮೂಲು ಕುದಿಸುವುದರಿಂದ ಅದು ಹೋಗುವುದಿಲ್ಲ. ಟ್ರೌಟ್ ಮೀನಿನ ಪಿತ್ತಜನಕಾಂಗದಲ್ಲಿ ಅದು ಗೆಡ್ಡೆ ಎಬ್ಬಿಸುತ್ತದೆ ಎಂಬುದು ಸಾಬೀತಾಗಿದೆ. ಬೂಸಲು ಕಂಡರೆ ಆ ಹಿಂಡಿ ಕೆರೆಗೂ ಬೇಡ, ಕೊಟ್ಟಿಗೆಗೂ ಬೇಡ.

"ಚೀಲಗಟ್ಟಲೆ ಸುರಿದರೆ ಚೀಲಗಟ್ಟಲೆ ಮೀನು"

ಗೆಂಡೆ ಜಾತಿಗೆ ಜಠರವೇ ಇಲ್ಲ. ಗಂಟಲ ಹಲ್ಲಿನಿಂದ ಅರೆದದ್ದು ನೇರ ಕರುಳಿಗೆ. ಸ್ವಲ್ಪ ಸ್ವಲ್ಪವೇ ಆಗಾಗ ಮೇಯುವುದು ಅದರ ಕ್ರಮ, ಕೂಡಿಟ್ಟುಕೊಳ್ಳಲು ಜಾಗವಿಲ್ಲ. ತಿನ್ನದೆ ಉಳಿದ ಹಿಂಡಿ ಕೊಳೆಯುವಾಗ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕ ತೆಗೆದುಕೊಳ್ಳುತ್ತವೆ. ಬೆಳಗಿನ ಜಾವಕ್ಕೆ ಆಮ್ಲಜನಕ ಮೊದಲೇ ಕಡಿಮೆ. ಆ ಹೊತ್ತಿಗೆ ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಅದು ಹಸಿವಲ್ಲ, ಉಸಿರುಗಟ್ಟಿದ ಲಕ್ಷಣ. ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ಯೋಜನೆಗಳಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಈಗ ಈ ಭಾಗದ ಹಲವು ಕೆರೆಗಳಿಗೆ ಬರುತ್ತಿದೆ. ಎರಡನೇ ಹಂತದವರೆಗಷ್ಟೇ ಸಂಸ್ಕರಿಸಿದ ನೀರಿನಲ್ಲಿ ಸಾರಜನಕ, ರಂಜಕ ಉಳಿದಿರುತ್ತವೆ. ಅಂಥ ಕೆರೆಗೆ ಹಿಂಡಿಯ ಹೊರೆಯೂ ಬಿದ್ದರೆ ಪಾಚಿ ಹೆಚ್ಚುತ್ತದೆ. ಗುತ್ತಿಗೆ ಹಿಡಿದು ಮರಿ ಬಿಟ್ಟವರ ಒಪ್ಪಿಗೆ ಕೇಳದೆ ಗಾಳ ಹಾಕಬಾರದು, ಮೇವನ್ನಂತೂ ಸುರಿಯಲೇಬಾರದು.

"ಪ್ಯೂಪಾ ನಾರಿದಷ್ಟೂ ಒಳ್ಳೆಯದು"

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬಿಚ್ಚಾಣಿಕೆಯ ನಂತರ ಉಳಿಯುವ ಪ್ಯೂಪಾ, ಅಂದರೆ ಗೂಡಿನೊಳಗಿನ ಹುಳು, ಈ ಸೀಮೆಯ ದೊಡ್ಡ ಮೇವು. ಜಪಾನಿನ ಗಾಳಗಾರರೂ ಗೆಂಡೆಗೆ ಇದರ ಪುಡಿಯನ್ನೇ ಬೆರೆಸುತ್ತಾರೆ. ಅಲ್ಲಿ ಅದಕ್ಕೆ 'ಸನಾಗಿ' ಎನ್ನುತ್ತಾರೆ. ಒಣಗಿದ ಪ್ಯೂಪಾದಲ್ಲಿ ಸುಮಾರು ಅರ್ಧ ಪ್ರೋಟೀನು, ಕಾಲು ಭಾಗದಷ್ಟು ಕೊಬ್ಬು. ನಾರುವುದು ಆ ಕೊಬ್ಬು ಮುಗ್ಗಿದಾಗ, ಪ್ರೋಟೀನು ಕೊಳೆತಾಗ. ಅಷ್ಟು ಹೊತ್ತಿಗೆ ಮೇವಿನ ಸತ್ವ ಹೋಗಿರುತ್ತದೆ. ರೀಲಿಂಗ್ ಘಟಕದಿಂದ ತಂದ ದಿನವೇ ತೆಳುವಾಗಿ ಹರಡಿ ಬಿಸಿಲಿಗೆ ಗರಿಗರಿಯಾಗುವಂತೆ ಒಣಗಿಸಿ, ಕುಟ್ಟಿ, ತೌಡಿಗೆ ಒಂದೇ ಹಿಡಿ ಬೆರೆಸಿದರೆ ಸಾಕು.